ಬೆಂಗಳೂರಿನಲ್ಲಿ ಬಾಡಿಗೆ ಮನೆ: ಕೆಂಗೇರಿಯೋ, ಯಲಹಂಕವೋ?

ಹೇಮಾವತಿ ದಂಡೆ: ಜೂನ್‌ ಹೊತ್ತಿಗೆ ಹಾಸನದಿಂದ ಬೆಂಗಳೂರಿಗೆ ಬರುತ್ತಿದ್ದೇವೆ. ನನ್ನ ಕಚೇರಿ ಗಾಂಧಿನಗರ, ಹೆಂಡತಿಯದು ವೈಟ್‌ಫೀಲ್ಡ್, ಮಗ ಒಂದನೇ ತರಗತಿ. ಬಾಡಿಗೆ ಇಪ್ಪತ್ತು ಸಾವಿರ ದಾಟುವಂತಿಲ್ಲ. ಕೆಂಗೇರಿ ಉಪನಗರ, ಯಲಹಂಕ ಉಪನಗರ ಎರಡರಲ್ಲೂ ನೆಂಟರಿದ್ದಾರೆ, ಇಬ್ಬರೂ ತಮ್ಮ ಕಡೆ ಎಳೆಯುತ್ತಿದ್ದಾರೆ. ಯಾವುದು ಮೇಲು?

ನೇರಳೆ ಮಾರ್ಗ: ಕಣ್ಣು ಮುಚ್ಚಿಕೊಂಡು ಕೆಂಗೇರಿ. 2023ರ ಅಕ್ಟೋಬರಿನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ತನಕ ಮೆಟ್ರೊ ನೇರ. ನೀವು ಮೆಜೆಸ್ಟಿಕ್‌ನಲ್ಲಿ ಇಳಿಯುತ್ತೀರಿ, ಮನೆಯವರು ಕುಳಿತಲ್ಲಿಂದ ಏಳದೆ ಮುಂದೆ ಹೋಗುತ್ತಾರೆ.

ಎರಡನೇ ಮಹಡಿ: ಕುಳಿತು ಎಷ್ಟು ಹೊತ್ತು ಎಂಬುದನ್ನು ನುಂಗಿಬಿಟ್ಟಿರಿ. ಒಂದೂಕಾಲು ಗಂಟೆಗೆ ಕಡಿಮೆಯಿಲ್ಲ. 2025ರ ಫೆಬ್ರವರಿಯಲ್ಲಿ ದರ ಏರಿದ ಮೇಲೆ 25 ಕಿ.ಮೀ. ದಾಟಿದರೆ 90 ರೂಪಾಯಿ. ಹೋಗಿಬರಲು 180, ತಿಂಗಳಿಗೆ 22 ದಿನವೆಂದರೆ 3,960. ಇದನ್ನೂ ಬಾಡಿಗೆಯ ಲೆಕ್ಕಕ್ಕೇ ಬರೆದುಕೊಳ್ಳಿ.

ನೇರಳೆ ಮಾರ್ಗ: ಸ್ಮಾರ್ಟ್ ಕಾರ್ಡಿಗೆ ಶೇ 5 ರಿಯಾಯಿತಿ ಇದೆ, ಅದನ್ನು ನೀವು ನುಂಗಿದಿರಿ.

ಎರಡನೇ ಮಹಡಿ: ದಿನಕ್ಕೆ ಒಂಬತ್ತು ರೂಪಾಯಿ! ಕೂಡಿಟ್ಟು ಸೈಟು ತೆಗೆದುಕೊಳ್ಳಲಿ.

ನಾಡಪ್ರಭು ಬೀದಿ: ಪ್ರಶ್ನೆಯೇ ತಪ್ಪು. ಯಲಹಂಕವನ್ನು ಉಪನಗರ ಎಂದವರು ಯಾರು? ಕೆಂಪೇಗೌಡರು ಯಲಹಂಕದ ನಾಡಪ್ರಭುಗಳು. 1537ರಲ್ಲಿ ಇಲ್ಲಿಂದ ಹೋಗಿ ಬೆಂಗಳೂರು ಕಟ್ಟಿದರು. ನ್ಯಾಯವಾಗಿ ನೋಡಿದರೆ ಬೆಂಗಳೂರೇ ನಮ್ಮ ಉಪನಗರ. ಅಂದಹಾಗೆ, ಮನೆಯವರಿಗೆ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್. ತೊಂಬತ್ತು ರೂಪಾಯಿಯ ಗೋಳೇ ಇಲ್ಲ.

ಎರಡನೇ ಮಹಡಿ: ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಉಚಿತವಾಗಿ ನಿಂತಿರಬಹುದು.

ನೇರಳೆ ಮಾರ್ಗ: ಉಪನಗರ ಎಂದವರು ಯಾರೆಂದರೆ ನಿಮ್ಮ ಬಸ್ಸಿನ ಬೋರ್ಡು. ನಿಮ್ಮ ಕಡೆ ಮೆಟ್ರೊ ಕಂಬಗಳಿನ್ನೂ ಏಳುತ್ತಿವೆ, ಅಲ್ಲಿಯವರೆಗೆ ಆ ಬೋರ್ಡನ್ನೇ ಓದುತ್ತಿರಿ.

ನಾಡಪ್ರಭು ಬೀದಿ: ಬೋರ್ಡಿನಲ್ಲಿರುವುದು ಗೃಹ ಮಂಡಳಿಯ ಬಡಾವಣೆ. ಹಳೇ ಊರು ಬೇರೆ. 2007ರಲ್ಲಿ ಪಾಲಿಕೆಗೆ ಸೇರುವಾಗ ಯಲಹಂಕ ನಗರಸಭೆ, ಕೆಂಗೇರಿ ಬರೀ ಪುರಸಭೆ. ವ್ಯತ್ಯಾಸ ತಿಳಿದುಕೊಂಡು ಮಾತನಾಡಿ.

ನೇರಳೆ ಮಾರ್ಗ: ‘ಬೇರೆ’ ಎಂದು ನೀವೇ ಒಪ್ಪಿದಿರಿ. ಅವರು ಕೇಳಿದ್ದು ಉಪನಗರದ ಮನೆಯನ್ನು, ಕೆಂಪೇಗೌಡರ ಅರಮನೆಯನ್ನಲ್ಲ.

ನಾಡಪ್ರಭು ಬೀದಿ: ಒಪ್ಪಲಿಲ್ಲ, ವಿವರಿಸಿದೆ. ಕನ್ನಡದಲ್ಲಿ ಎರಡಕ್ಕೂ ಬೇರೆ ಪದಗಳಿವೆ. ಮತ್ತು ಅವರ ಹೆಸರನ್ನು ಹಗುರವಾಗಿ ಎಳೆದು ತರಬೇಡಿ.

ನೀರಗಂಟಿ: ನಿಮ್ಮ ಇತಿಹಾಸದಿಂದ ಸಂಪು ತುಂಬುವುದಿಲ್ಲ ಸ್ವಾಮಿ. ಹಾಸನದವರೇ, ಮನೆ ಎಲ್ಲೇ ನೋಡಿ, ಮೊದಲು ಸಂಪಿನ ಮುಚ್ಚಳ ತೆಗೆಸಿ. ಪಕ್ಕದ ಕಿರಾಣಿ ಅಂಗಡಿಯವರನ್ನು ಕೇಳಿ: ಕಾವೇರಿ ವಾರಕ್ಕೆ ಎಷ್ಟು ಸಲ, ಏಪ್ರಿಲ್‌ನಲ್ಲಿ ಟ್ಯಾಂಕರ್ ಎಷ್ಟು ಬಂತು? ಮಾಲೀಕರು ‘ಬೋರ್ ಇದೆ’ ಎಂದರೆ ಅದರಲ್ಲಿ ನೀರಿದೆ ಎಂದರ್ಥವಲ್ಲ. 2024ರ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಪಾತ್ರೆ ತೊಳೆದ ನೀರೇ ಶೌಚಾಲಯಕ್ಕೆ ಹೋಗುತ್ತಿತ್ತು.

ನಾಡಪ್ರಭು ಬೀದಿ: ಇತಿಹಾಸದಿಂದ ತುಂಬುವುದಿಲ್ಲವೇ? ಧರ್ಮಾಂಬುಧಿ ಕೆರೆ ಯಾರ ಕಾಲದ್ದು? ನಿಮ್ಮ ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವುದೇ ಆ ಕೆರೆಯಂಗಳದಲ್ಲಿ.

ನೀರಗಂಟಿ: ಸರಿ, ಅದರಲ್ಲಿ ಈಗ ಬಸ್ಸು ನಿಂತಿವೆ. ನಾನು ಕೇಳಿದ್ದು ನಲ್ಲಿಯ ವಿಷಯ. 2024ರ ಅಕ್ಟೋಬರಿನಲ್ಲಿ ಯಲಹಂಕದ ಅಪಾರ್ಟ್‌ಮೆಂಟಿನಿಂದ ಜನರನ್ನು ದೋಣಿಯಲ್ಲಿ ಹೊರಗೆ ತಂದರಲ್ಲ, ಆ ನೀರನ್ನು ಯಾವ ಪ್ರಭುಗಳ ಲೆಕ್ಕಕ್ಕೆ ಬರೆಯೋಣ?

ನಾಡಪ್ರಭು ಬೀದಿ: ದೋಣಿ ಬಂದದ್ದು ಒಂದು ಮಳೆಗೆ. ಕೆಂಗೇರಿಯವರಿಗೆ ಕೊಳಚೆ ಹೊತ್ತ ವೃಷಭಾವತಿ ನದಿ ವರ್ಷದ 365 ದಿನವೂ ಇದೆ.

ನೇರಳೆ ಮಾರ್ಗ: ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ. ವಾಸನೆ ಬಂದಿಲ್ಲ.

ಎರಡನೇ ಮಹಡಿ: ಹನ್ನೊಂದು ವರ್ಷವಾದರೆ ಯಾರಿಗೂ ಬರುವುದಿಲ್ಲ.

ನೇರಳೆ ಮಾರ್ಗ: ವೈಯಕ್ತಿಕವಾಗಿ ಮಾತನಾಡಬೇಡಿ.

ಕರಾರು ಪತ್ರ: ಮುಂಗಡದ ವಿಷಯ ಯಾರೂ ಎತ್ತಲಿಲ್ಲ. ಹತ್ತು ತಿಂಗಳ ಬಾಡಿಗೆ ಕೇಳಿದರೆ ಕೊಡಬೇಡಿ. 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಎರಡೇ ತಿಂಗಳು.

ಮೂರು ಮನೆ ಮಾಲೀಕ: ‘ಮಾದರಿ’ ಎಂಬ ಪದ ಕಾಣಲಿಲ್ಲವೇ? ಕೇಂದ್ರ ಮಾಡಿದ್ದು ರಾಜ್ಯಗಳಿಗೆ ನಮೂನೆ. ಅದನ್ನು ಹಿಡಿದುಕೊಂಡು ನನ್ನ ಗೇಟಿಗೆ ಬರಬೇಡಿ! ಹೋದ ಸಲದ ಬಾಡಿಗೆದಾರರು ಗೋಡೆಗೆ ಹೊಡೆದ ಮೊಳೆ ನಲವತ್ತೊಂದು. ನಾನೇ ಎಣಿಸಿದ್ದೇನೆ.

ಕರಾರು ಪತ್ರ: ನಲವತ್ತೊಂದು ಮೊಳೆಗೆ ಹತ್ತು ತಿಂಗಳ ಬಾಡಿಗೆಯೇ? ಯಾವ ಗೋಡೆ ಅದು, ಅಜಂತಾದ್ದೇ?

ಮೂರು ಮನೆ ಮಾಲೀಕ: ನಿಮ್ಮಂಥವರಿಂದಲೇ ಬೋರ್ಡಿನಲ್ಲಿ ‘ಸಸ್ಯಾಹಾರಿಗಳಿಗೆ ಮಾತ್ರ’ದ ಕೆಳಗೆ ‘ವಕೀಲರಿಗೆ ಇಲ್ಲ’ ಎಂದೂ ಬರೆಸುವುದು.

ಕರಾರು ಪತ್ರ: ನಾನು ವಕೀಲನಲ್ಲ. ಮೊದಲನೆಯ ಸಾಲಿನ ಬಗ್ಗೆಯೂ ಮಾತನಾಡುವುದಿದೆ.

ಹೇಮಾವತಿ ದಂಡೆ: ನಿನ್ನೆ ಭಾನುವಾರ ಕೆಂಗೇರಿಯಲ್ಲಿ ಒಂದು ಮನೆ ನೋಡಿದೆ. ಹದಿನೆಂಟು ಸಾವಿರ, ಮುಂಗಡ ಆರು ತಿಂಗಳದ್ದು. ಸಂಪು ತೆಗೆಸಿದೆ, ಕಂಠದವರೆಗೆ ನೀರಿತ್ತು. ಸಂಜೆ ಆರರ ಹೊತ್ತಿಗೆ ಮಲಗುವ ಕೋಣೆಯ ಕಿಟಕಿ ತೆರೆದೆ. ಮನೆಯ ಒಡತಿ ಓಡಿಬಂದು ‘ಸೊಳ್ಳೆ ಬರುತ್ತವೆ’ ಎಂದು ಮುಚ್ಚಿಬಿಟ್ಟರು.

ನೇರಳೆ ಮಾರ್ಗ: ಆ ಹೊತ್ತಿಗೆ ಸೊಳ್ಳೆ ಬರುವುದು ನಿಜ.

ಎರಡನೇ ಮಹಡಿ: ಎಲ್ಲಿಂದ?

ನಾಡಪ್ರಭು ಬೀದಿ: ಅದಿರಲಿ. ಕೆಂಗೇರಿ ಪುರಸಭೆಯಾಗಿತ್ತು ಎಂಬುದಕ್ಕೆ ಇನ್ನೂ ಉತ್ತರ ಬಂದಿಲ್ಲ.