ಪದಚರ್ಚೆ: ಸಿಂಥಸೈಜರಿನ ‘ಸಸ್ಟೇನ್’ಗೆ ಏನನ್ನೋಣ? ಜೊತೆಗೆ ಪ್ಯಾಚ್, ಮಾದರಿ, ಆವೃತ್ತಿಗಳ ಗೊಂದಲ

ಹಿರಿಯರಿಗೆ, ಗೆಳೆಯರಿಗೆ ನಮಸ್ಕಾರ.

ನಾವು ಕೆಲವರು ಸೇರಿಕೊಂಡು ಬಿಡುವಿನ ಹೊತ್ತಿನಲ್ಲಿ ಒಂದು ಚಿಕ್ಕ ಸಿಂಥಸೈಜರ್ (ಎಲೆಕ್ಟ್ರಾನಿಕ್ ಸರ್ಕ್ಯೂಟಿನಿಂದ ದನಿ ಹುಟ್ಟಿಸುವ ವಾದ್ಯ) ಕಟ್ಟುತ್ತಿದ್ದೇವೆ. ಸರ್ಕ್ಯೂಟ್, ಬೋರ್ಡಿನ ನಕ್ಷೆ, ಒಳಗಿನ ಕೋಡ್ ಎಲ್ಲವೂ ಮುಕ್ತ. ಬೇಕಾದವರು ಇಳಿಸಿಕೊಂಡು ಮನೆಯಲ್ಲೇ ಬೆಸುಗೆ ಹಾಕಿಕೊಳ್ಳಬಹುದು. ದನಿ ಹುಟ್ಟಿಸುವ ಭಾಗಕ್ಕೆ ಪ್ಯಾರಿಸ್‌ನ ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್‌ನ ‘ಪ್ಲೇಟ್ಸ್’ ಅನ್ನುವ ಸಿಂಥ್ ಮಾಡ್ಯೂಲಿನ ಕೋಡನ್ನು ತಗೊಂಡಿದ್ದೇವೆ. ಎಮಿಲಿ ಜಿಲೆ ನಡೆಸುತ್ತಿದ್ದ ಆ ಸಂಸ್ಥೆ ಈಗಿಲ್ಲ. ಆದರೆ ಕೋಡ್ ಎಂಐಟಿ ಲೈಸೆನ್ಸಿನಲ್ಲಿದೆ, ಅಂದರೆ ಯಾರು ಬೇಕಾದರೂ ಬಳಸಿ ತಿದ್ದಬಹುದು. ಸರ್ಕ್ಯೂಟ್ ನಕ್ಷೆಗಳು ಕ್ರಿಯೇಟಿವ್ ಕಾಮನ್ಸ್‌ನಲ್ಲಿವೆ; ತಿದ್ದಿ ಹಂಚುವವರು ಮೂಲ ಯಾರದೆಂದು ತಿಳಿಸಿ, ಅದೇ ಷರತ್ತಿನಲ್ಲಿ ಹಂಚಬೇಕು, ಅಷ್ಟೆ. ಹಾಗಾಗಿ ಸಂಸ್ಥೆ ಮುಚ್ಚಿದರೂ ಕೆಲಸ ನಿಂತಿಲ್ಲ. ಅವರ ಹೆಸರನ್ನು ಮಾತ್ರ ನಮ್ಮ ಡಬ್ಬಿಯ ಮೇಲೆ ಹಾಕುವಂತಿಲ್ಲ, ಅದು ಟ್ರೇಡ್‌ಮಾರ್ಕ್.

ಪರದೆಯೂ ಕೈಪಿಡಿಯೂ ಕನ್ನಡದಲ್ಲೇ ಇರಲಿ ಅಂತ ನಮ್ಮ ಹಟ. ಇದನ್ನು ನುಡಿಸುವವರು ಆರ್ಕೆಸ್ಟ್ರಾ ಕೀಬೋರ್ಡಿನವರು, ಎಲೆಕ್ಟ್ರಾನಿಕ್ಸ್ ಓದುವ ಹುಡುಗ ಹುಡುಗಿಯರು, ಒಂದಿಬ್ಬರು ವೀಣೆಯವರು. ಹಾಗಾಗಿ ‘ಸಂಶ್ಲೇಷಕ’, ‘ಆಂದೋಲಕ’ ನಡೆಯೋದಿಲ್ಲ. ಸಿಂಥ್ ಸಿಂಥೇ, ದನಿಯ ಕಂಪನ ಹುಟ್ಟಿಸುವ ಆಸಿಲೇಟರ್ ಆಸಿಲೇಟರೇ. ತಿರುವುವ ಗುಂಡಿಗೆ ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ‘ಪಾಟ್’ ಅಂದರೆ ಸಾಕು, ತೆಗೆದುಕೊಡುತ್ತಾರೆ. ಅದನ್ನೂ ಹಾಗೇ ಬಿಟ್ಟಿದ್ದೇವೆ. ತಕರಾರು ಇರೋದು ಬೇರೆ ಪದಗಳ ಬಗ್ಗೆ.

ಮೊದಲನೆಯದು ಎನ್ವಲಪ್. ಕೀ ಒತ್ತಿದ ಮೇಲೆ ದನಿ ಹೇಗೆ ಏರುತ್ತದೆ, ಎಲ್ಲಿಗೆ ಇಳಿಯುತ್ತದೆ, ಎಷ್ಟರಲ್ಲಿ ನಿಲ್ಲುತ್ತದೆ, ಬೆರಳೆತ್ತಿದ ಮೇಲೆ ಹೇಗೆ ಕರಗುತ್ತದೆ ಅನ್ನುವುದನ್ನು ನಾಲ್ಕು ಪಾಟ್‌ಗಳು ತೀರ್ಮಾನಿಸುತ್ತವೆ. ಅಟ್ಯಾಕ್, ಡಿಕೇ, ಸಸ್ಟೇನ್, ರಿಲೀಸ್. ಯಂತ್ರಾನುವಾದಕ್ಕೆ ಹಾಕಿದರೆ ದಾಳಿ, ಕೊಳೆತ, ಬಿಡುಗಡೆ ಅಂತ ಬರುತ್ತದೆ, ಎನ್ವಲಪ್ ಅಂತೂ ‘ಲಕೋಟೆ’. ನಿಘಂಟು ನೋಡಿದ ಗೆಳೆಯರೊಬ್ಬರು ಡಿಕೇಗೆ ‘ಕ್ಷಯ’ ಅಂದರು. ಕ್ಷಯ ಅಂದರೆ ನಮ್ಮ ಕಡೆ ಇನ್ನೂ ಕಾಯಿಲೆಯೇ. ವಾದ್ಯದ ಮೇಲೆ ಅದನ್ನು ಬರೆಯೋಕೆ ಮನಸ್ಸು ಬರಲಿಲ್ಲ.

ಆದರೆ ನಿಜವಾಗಿ ತಲೆ ತಿಂದದ್ದು ಸಸ್ಟೇನ್. ಸಂಗೀತ ಬಲ್ಲವರನ್ನು ಕೇಳಿದರೆ ಥಟ್ಟನೆ ‘ಕಾರ್ವೆ’ ಅನ್ನುತ್ತಾರೆ. ಪದ ಚೆನ್ನಾಗಿದೆ, ಬಾಯಲ್ಲಿ ಓಡಾಡುವ ಪದ. ತೊಂದರೆ ಏನಂದರೆ ಕಾರ್ವೆ ಅನ್ನೋದು ಹೊತ್ತಿನ ಲೆಕ್ಕ: ಈ ಸ್ವರವನ್ನು ಇಷ್ಟು ಅಕ್ಷರ ಕಾಲ ಹಿಡಿ ಅಂತ. ಸಿಂಥಿನ ಸಸ್ಟೇನ್ ಹೊತ್ತು ಅಲ್ಲವೇ ಅಲ್ಲ. ಅದು ಮಟ್ಟ. ಉಳಿದ ಮೂರು ಪಾಟ್‌ಗಳನ್ನು ಮಿಲಿಸೆಕೆಂಡಿನಲ್ಲಿ ಅಳೆಯಬೇಕು, ಇದೊಂದನ್ನು ಮಾತ್ರ ಶೇಕಡಾದಲ್ಲಿ. ಏರಲು 10 ಮಿಲಿಸೆಕೆಂಡ್, ಇಳಿಯಲು 300, ಶೇ. 60ರಲ್ಲಿ ನಿಲ್ಲು, ಕೊನೆಗೆ ಕರಗಲು 500. ಎಷ್ಟು ಹೊತ್ತು ನಿಲ್ಲಬೇಕು ಅನ್ನೋದನ್ನು ಯಂತ್ರ ಹೇಳುವುದಿಲ್ಲ, ಕೀ ಮೇಲಿರುವ ಬೆರಳು ಹೇಳುತ್ತದೆ. ಹಾರ್ಮೋನಿಯಮ್ಮಿನಂಥ ದನಿ ಬೇಕಾದರೆ ಇದನ್ನು ಪೂರ್ತಿ ಏರಿಸಿ. ಮೀಟಿದ ತಂತಿಯ ದನಿ ಬೇಕಾದರೆ ಸೊನ್ನೆಗೆ ತನ್ನಿ. ಆಗ ಬೆರಳನ್ನು ಎಷ್ಟು ಹೊತ್ತು ಒತ್ತಿ ಹಿಡಿದರೂ ದನಿ ಇಳಿದು ಅಡಗಿಬಿಡುತ್ತದೆ. ‘ಕಾರ್ವೆ’ ಅಂತ ಬರೆದು ಈ ಪಾಟನ್ನು ಕೊಟ್ಟರೆ ಸಂಗೀತಗಾರರು ಅದನ್ನು ಪೂರ್ತಿ ತಿರುವಿ, ಬೆರಳೆತ್ತಿ, ದನಿ ಯಾಕೆ ಉಳಿಯಲಿಲ್ಲ ಅಂತ ನಮ್ಮನ್ನು ಬೈಯ್ಯುತ್ತಾರೆ.

ಇಂಗ್ಲಿಷಿನ ಪದವೂ ಇದನ್ನೇನು ಬಿಡಿಸಿ ಹೇಳೋದಿಲ್ಲ, ಅಲ್ವಾ? ಆದರೆ ಮೂಲದಲ್ಲಿ ಸರಿಯಾಗಿಯೇ ಇತ್ತು. 1965ರಲ್ಲಿ ಕೊಲಂಬಿಯಾ-ಪ್ರಿನ್ಸ್‌ಟನ್ ಎಲೆಕ್ಟ್ರಾನಿಕ್ ಸಂಗೀತ ಕೇಂದ್ರದ ವ್ಲಾದಿಮಿರ್ ಉಸಚೆವ್ಸ್ಕಿ ಅವರು ಮೂಗ್ ಸಿಂಥಸೈಜರಿಗೆ ಈ ನಾಲ್ಕು ಘಟ್ಟಗಳನ್ನು ಸೂಚಿಸಿದಾಗ ಕೊಟ್ಟ ಗುರುತು ಟಿ-1, ಟಿ-2, ಇ-ಸಸ್, ಟಿ-3. ಮೂರು ಟೈಮ್, ಒಂದು ಮಟ್ಟ. ಆಮೇಲೆ ಎ.ಆರ್.ಪಿ. ಕಂಪನಿ ಅದನ್ನು ಈಗಿನ ಎ, ಡಿ, ಎಸ್, ಆರ್ ಅನ್ನುವ ನಾಲ್ಕು ಅಕ್ಷರಕ್ಕೆ ಇಳಿಸಿತು. ಆ ವ್ಯತ್ಯಾಸ ಅಲ್ಲಿ ಅಳಿಸಿಹೋಯಿತು. ಕನ್ನಡದಲ್ಲಿ ಹೊಸದಾಗಿ ಹೆಸರಿಡುವಾಗ ಅದನ್ನು ವಾಪಸ್ ತರಬಹುದು ಅನ್ನೋದು ನನ್ನ ವಾದ.

ನನ್ನ ಸೂಚನೆ: ಏರು, ಇಳಿ, ನೆಲೆ, ಆರು. ‘ನೆಲೆ’ ಅಂದಾಗ ನಿಲ್ಲುವ ಜಾಗ ಕಾಣುತ್ತದೆ, ಹೊತ್ತು ಕಾಣೋದಿಲ್ಲ. ಎರಡೆರಡೇ ಅಕ್ಷರ ಯಾಕೆ ಅಂತ ಕೇಳಬಹುದು. ನಮ್ಮ ಪರದೆ 128×64 ಚುಕ್ಕಿಯದು. ನಾಲ್ಕು ಹೆಸರು ಒಂದೇ ಸಾಲಲ್ಲಿ ಕೂರಬೇಕು, ಒಂದೊಂದಕ್ಕೆ ಸಿಗೋದು 32 ಚುಕ್ಕಿ ಅಗಲ. ಇನ್ನೊಂದು ಕಷ್ಟ ಒತ್ತಕ್ಷರ. ಇಂಥ ಪುಟ್ಟ ಪರದೆಗಳಿಗೆ ಎಲ್ಲರೂ ಬಳಸುವ ‘ಯು8ಜಿ2’ ಲೈಬ್ರರಿ ಒಂದೊಂದು ಸಂಕೇತವನ್ನೂ ಬಿಡಿಬಿಡಿಯಾಗಿ ಪಕ್ಕಪಕ್ಕದಲ್ಲಿ ಬರೆಯುತ್ತದೆ. ‘ಸ್ಥಾಯಿ’ ಅಂತ ಕೊಟ್ಟರೆ ಸ ಒಂದು ಕಡೆ, ಥ ಒಂದು ಕಡೆ, ದೀರ್ಘ ಇನ್ನೊಂದು ಕಡೆ ಚೆಲ್ಲಾಪಿಲ್ಲಿ. ಅಕ್ಷರ ಜೋಡಿಸುವ ಹಾರ್ಫ್‌ಬಝ್‌ನಂಥದ್ದನ್ನು ಈ ಚಿಪ್ಪಿನೊಳಗೆ ತುರುಕೋದು ಬೇಡದ ಸಾಹಸ. ಅದಕ್ಕೆ ಹೆಸರುಗಳನ್ನು ಕಂಪ್ಯೂಟರಿನಲ್ಲೇ ಚಿತ್ರ ಮಾಡಿ ಇಟ್ಟುಕೊಳ್ಳುತ್ತೇವೆ. 32×16ರ ಚಿತ್ರ 64 ಬೈಟ್, ಜಾಗದ ಚಿಂತೆ ಇಲ್ಲ. ಆದರೂ ಹದಿನಾರು ಚುಕ್ಕಿ ಎತ್ತರದಲ್ಲಿ ಒತ್ತು ಬಂದರೆ ಮೇಲಿನ ಅಕ್ಷರ ಕುಗ್ಗಿ ಇರುವೆಯಾಗುತ್ತದೆ. ಒತ್ತಿಲ್ಲದ ಪದ ಸಿಕ್ಕಿದರೆ ಅದಕ್ಕೇ ಮೊದಲ ಮಣೆ.

‘ಆರು’ ಬಗ್ಗೆ ನನಗೇ ಅನುಮಾನ. ದೀಪ ಆರುವ ಹಾಗೆ ದನಿ ಆರುವುದು ಸರಿಯೇ. ಆದರೆ ಪರದೆಯಲ್ಲಿ ‘ಆರು 500’ ಅಂತ ಕಂಡರೆ ಯಾರಾದರೂ ಅಂಕಿ ಅಂದುಕೊಳ್ಳಬಹುದು. ‘ನಂದು’ ಅಂದರೆ ಇನ್ನೂ ಮಜಾ, ಐನೂರು ರೂಪಾಯಿ ನಂದು ಅಂದ ಹಾಗಿರುತ್ತದೆ. ‘ಬಿಡು’ ಆಗಬಹುದೇ? ಕೀ ಬಿಟ್ಟ ಮೇಲೆ ಶುರುವಾಗುವ ಘಟ್ಟ ತಾನೇ.

ಎರಡನೆಯ ಗೊಂದಲ ಪ್ಯಾಚ್. ಮೂಗ್‌ನಂಥ ಹಳೆಯ ಸಿಂಥ್‌ಗಳಲ್ಲಿ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ವೈರ್ ಚುಚ್ಚಿ ದನಿ ಕಟ್ಟಬೇಕಿತ್ತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ (ಎನ್.ಐ.ಡಿ.) 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ತಂದು ಕೂರಿಸಿದ ಮೂಗ್ ಅಂಥದ್ದೇ. ಆ ಚುಚ್ಚುವ ವೈರುಗಳು ಪ್ಯಾಚ್ ಕಾರ್ಡ್. ಹಾಗೆ ಕಟ್ಟಿದ ದನಿಗೂ ಪ್ಯಾಚ್ ಅನ್ನೋ ಹೆಸರು ಬಂತು. ಈಗ ವೈರಿಲ್ಲದಿದ್ದರೂ ಉಳಿಸಿಟ್ಟ ದನಿಯ ಫೈಲು ಪ್ಯಾಚೇ. ಮುಕ್ತ ತಂತ್ರಾಂಶದವರಿಗೆ ಪ್ಯಾಚ್ ಅಂದರೆ ಕೋಡಿಗೆ ಹಾಕುವ ತೇಪೆ. ಒಂದೇ ಯೋಜನೆಯಲ್ಲಿ ‘ಪ್ಯಾಚ್ ಕಳಿಸಿ’ ಅಂದರೆ ಸಂಗೀತಗಾರರು ದನಿ ಕಳಿಸುತ್ತಾರೆ, ಕೋಡ್ ಬರೆಯುವವರು ತಿದ್ದುಪಡಿ ಕಳಿಸುತ್ತಾರೆ.

ಇದಕ್ಕೆ ಉತ್ತರ ಬೀದಿಯಲ್ಲೇ ಇದೆ ಅಂತ ನನಗನ್ನಿಸುತ್ತದೆ. ನಮ್ಮ ಆರ್ಕೆಸ್ಟ್ರಾ ಕೀಬೋರ್ಡಿನವರು ‘ಟೋನ್’ ಅನ್ನುತ್ತಾರೆ. ‘ಕೊಳಲು ಟೋನ್ ಹಾಕು’, ‘ಆ ಟೋನ್ ಬೇಡ, ಬದಲಾಯಿಸು’. ಹಾಗಾದರೆ ದನಿಗೆ ಟೋನ್, ವೈರಿಗೆ ಪ್ಯಾಚ್ ವೈರ್, ಕೋಡಿಗೆ ತೇಪೆ. ಟೋನ್ ಅಂದರೆ ಶಾಸ್ತ್ರದಲ್ಲಿ ಬೇರೆ ಅರ್ಥ ಇದೆ ಅಂತ ಗೊತ್ತು. ಬಳಸುವವರ ಬಾಯಲ್ಲಿ ಇರೋದು ಇದು.

ಇನ್ನು ‘ಮಾದರಿ’. ಪ್ಲೇಟ್ಸ್ 2018ರಲ್ಲಿ ಬಂದಾಗ ದನಿ ಹುಟ್ಟಿಸುವ 16 ಮಾಡೆಲ್ ಇದ್ದವು, ಆಮೇಲೆ ಅವು 24 ಆದವು. ಕರಡು ಕೈಪಿಡಿಯಲ್ಲಿ ಒಬ್ಬರು ‘24 ಮಾದರಿ’ ಅಂತ ಬರೆದರು. ಇನ್ನೊಬ್ಬರು ಸೆಕೆಂಡಿಗೆ 48,000 ಸ್ಯಾಂಪಲ್ (ದನಿಯ ಬಿಡಿ ಅಳತೆಗಳು) ಅನ್ನೋದನ್ನು ‘48,000 ಮಾದರಿ’ ಮಾಡಿದರು. ಮೂರನೆಯವರು ತಾಳದ ಪ್ಯಾಟರ್ನ್‌ಗೂ ಮಾದರಿ ಅಂದರು. ಮೂರೂ ಒಂದೇ ಪುಟದಲ್ಲಿ! ಸ್ಯಾಂಪಲ್ ಅನ್ನೋದು ಬಟ್ಟೆ ಅಂಗಡಿಯಲ್ಲೂ ನಡೆಯುವ ಪದ, ಹಾಗೇ ಇರಲಿ. ಮಾಡೆಲ್‌ಗೆ ಮಾದರಿ, ತಾಳದ್ದಕ್ಕೆ ನಡೆ ಆಗಬಹುದಾ? ‘ನಡೆ’ಗೆ ತಾಳದಲ್ಲಿ ಆಗಲೇ ಬೇರೆ ಕೆಲಸ ಇದೆ. ಲಯ ಬಲ್ಲವರು ಹೇಳಬೇಕು.

‘ಆವೃತ್ತಿ’ಯದೂ ಇದೇ ಕತೆ. ಶಾಲೆಯ ವಿಜ್ಞಾನದಲ್ಲಿ ಆವೃತ್ತಿ ಅಂದರೆ ಫ್ರೀಕ್ವೆನ್ಸಿ. ತಂತ್ರಾಂಶದವರಿಗೆ ಆವೃತ್ತಿ ಅಂದರೆ ವರ್ಷನ್. ‘ಆವೃತ್ತಿ 1.2ರಲ್ಲಿ ಆವೃತ್ತಿ ತಿದ್ದಲಾಗಿದೆ’ ಅನ್ನುವ ಸಾಲು ನಮ್ಮ ಫೈಲಲ್ಲಿ ನಿಜವಾಗಿಯೂ ಇತ್ತು. ಫ್ರೀಕ್ವೆನ್ಸಿಗೆ ‘ಕಂಪನಾಂಕ’ ಇಟ್ಟರೆ ಜಗಳ ಮುಗಿಯುತ್ತದೆ, ಸ್ವಲ್ಪ ಭಾರ ಅನ್ನೋದು ಬಿಟ್ಟರೆ.

ಕೆಲವು ಪದಗಳು ಸಂಗೀತದಿಂದ ಸುಮ್ನೆ ಬಂದು ಕೂತವು. ಒಂದು ಸ್ವರದಿಂದ ಇನ್ನೊಂದಕ್ಕೆ ಕಡಿಯದೆ ಸರಿಯುವ ಗ್ಲೈಡ್ ಅಥವಾ ಪೋರ್ಟಮೆಂಟೋಗೆ ‘ಜಾರು’: ಗಮಕದ ಹೆಸರು, ಕೆಲಸವೂ ಅದೇ. ಶ್ರುತಿ ಪುಟದಲ್ಲಿ ‘ಸಿ ಶಾರ್ಪ್’ ಬದಲು ‘ಕಪ್ಪು 1’, ‘ಬಿಳಿ 4’ ಅಂತ ಹಾಕಿದ್ದೇವೆ, ಯಕ್ಷಗಾನದ ಭಾಗವತರು ಹಾರ್ಮೋನಿಯಮ್ಮಿನ ಕೀ ಲೆಕ್ಕದಲ್ಲಿ ಹೇಳುವ ಹಾಗೆ. ಎಲ್.ಎಫ್.ಓ.ಗೆ, ಅಂದರೆ ನಿಧಾನವಾಗಿ ಕಂಪಿಸುವ ಆಸಿಲೇಟರಿಗೆ, ‘ತೂಗು’ ಅಂದುಕೊಂಡಿದ್ದೇವೆ. ಅದು ಕಿವಿಗೆ ಕೇಳುವ ದನಿಯಲ್ಲ, ಸೆಕೆಂಡಿಗೆ ಐದಾರು ಸಲ ಶ್ರುತಿಯನ್ನೋ ಜೋರನ್ನೋ ತೂಗುತ್ತದೆ. ಶ್ರುತಿಯನ್ನು ತೂಗಿದರೆ ಬರೋದು ಕಂಪಿತಕ್ಕೆ ಹತ್ತಿರದ್ದು. ಎನ್ವಲಪ್‌ಗೆ ‘ಏರಿಳಿತ’ ಅನ್ನೋಣ ಅಂದರೆ ತೂಗುವುದೂ ಏರಿಳಿತವೇ. ಅಲ್ಲಿ ಇನ್ನೂ ಒಳ್ಳೆಯ ಪದ ಬೇಕು.

ಫಿಲ್ಟರ್‌ಗೆ ‘ಜರಡಿ’ ನನಗೆ ತುಂಬಾ ಇಷ್ಟ. ಆದರೆ ಲೋ-ಪಾಸ್‌ಗೆ ‘ತಗ್ಗು ಜರಡಿ’ ಅಂದರೆ ತಗ್ಗು ದನಿಯನ್ನು ಬಿಡುತ್ತದೋ ತಡೆಯುತ್ತದೋ? (ನಿಜವಾಗಿ ಲೋ-ಪಾಸ್ ತಗ್ಗು ದನಿಯನ್ನು ಬಿಟ್ಟು ಮೇಲಿನದನ್ನು ತಡೆಯುತ್ತದೆ.) ಜರಡಿ ಹಿಡಿದವರಿಗೆ ಉಳಿಯುವುದೂ ಬೇಕು, ಉದುರುವುದೂ ಬೇಕು. ‘ತಗ್ಗು ಬಿಡು’, ‘ಮೇಲು ಬಿಡು’ ಅಂತ ಕ್ರಿಯಾಪದ ಸೇರಿಸಿದರೆ ಸ್ಪಷ್ಟ, ಆದರೆ ರಿಲೀಸಿಗೂ ‘ಬಿಡು’ ಇಟ್ಟರೆ ಮತ್ತೆ ಡಿಕ್ಕಿ. ರೆಸೊನೆನ್ಸ್‌ಗೆ (ಫಿಲ್ಟರಿನ ಗಡಿಯ ಹತ್ತಿರದ ದನಿ ಉಬ್ಬಿ ಕೇಳುವುದು) ಕೆಲವರು ‘ಅನುರಣನ’ ಅನ್ನುತ್ತಾರೆ, ಕೆಲವರು ಅದೇ ಪದವನ್ನು ಕೋಣೆಯ ಗೋಡೆಗಳಿಂದ ಮರಳಿ ಬರುವ ದನಿಯಾದ ರಿವರ್ಬ್‌ಗೆ ಬಳಸುತ್ತಾರೆ. ವಿಜ್ಞಾನ ಪಾಠ ಮಾಡುವ ಮೇಷ್ಟ್ರುಗಳು, ಟೀಚರುಗಳು ತಾವು ಯಾವುದಕ್ಕೆ ಹೇಳಿಕೊಡುತ್ತೀರಿ ಅಂತ ತಿಳಿಸಿದರೆ ಉಪಕಾರ.

ಪದ ಸೂಚಿಸುವವರು ದಯವಿಟ್ಟು ಎರಡು ರೂಪ ಕೊಡಿ. ಪರದೆಗೆ ಒತ್ತಿಲ್ಲದ ಎರಡಕ್ಷರ, ಕೈಪಿಡಿಗೆ ಪೂರ್ತಿ ಪದ. ಸಿಂಥ್ ಮುಟ್ಟಿ ನೋಡದವರು ವಿ.ಸಿ.ವಿ. ರ‍್ಯಾಕ್ ಅನ್ನುವ ಉಚಿತ ತಂತ್ರಾಂಶ ಹಾಕಿಕೊಂಡು, ಅದರಲ್ಲಿ ಆಡಿಬಲ್ ಇನ್‌ಸ್ಟ್ರುಮೆಂಟ್ಸ್‌ನ ‘ಮ್ಯಾಕ್ರೋ ಆಸಿಲೇಟರ್ 2’ ತೆರೆಯಿರಿ. ಒಳಗಿರೋದು ಇದೇ ಪ್ಲೇಟ್ಸ್ ಕೋಡ್. ಒಂದು ಎನ್ವಲಪ್ ಜೋಡಿಸಿ, ಸಸ್ಟೇನನ್ನು ಸೊನ್ನೆಗಿಳಿಸಿ ಕೀ ಒತ್ತಿ ಹಿಡಿದು ಕೇಳಿ. ಆಮೇಲೂ ‘ಕಾರ್ವೆ’ಯೇ ಸರಿ ಅನ್ನಿಸಿದರೆ ಬರೆಯಿರಿ, ವಾದ ಮಾಡೋಣ.