ಇಂಗ್ಲೆಂಡಿನ ಹಳ್ಳಿಯಲ್ಲಿ ಹಳೇ ಮನೆ ಕೊಳ್ಳಬಹುದಾ? ಇದ್ದವರು ಅನುಭವ ಹೇಳಿ

ರೆಡಿಂಗ್‌ವಾಸಿ:
ಎಲ್ಲರಿಗೂ ನಮಸ್ಕಾರ. ರೆಡಿಂಗ್‌ನಲ್ಲಿ ಫ್ಲ್ಯಾಟ್‌ನಲ್ಲಿದ್ದೇವೆ. ನನಗೆ ಮನೆಯಿಂದಲೇ ಕೆಲಸ, ಹೆಂಡತಿ ಜಿಪಿ (ಫ್ಯಾಮಿಲಿ ಡಾಕ್ಟರ್), ಮಗಳಿಗೆ ಒಂಬತ್ತು ವರ್ಷ. ಕಾಟ್ಸ್‌ವಲ್ಡ್ಸ್ ಕಡೆಯ ಒಂದು ಹಳ್ಳಿಯಲ್ಲಿ ಕಲ್ಲಿನ ಮನೆ ನೋಡಿ ಬಂದೆವು. ಗ್ರೇಡ್ ಟೂ ಲಿಸ್ಟೆಡ್, ಅಂದರೆ ಅನುಮತಿಯಿಲ್ಲದೆ ಬದಲಿಸುವಂತಿಲ್ಲದ ಪಾರಂಪರಿಕ ಕಟ್ಟಡ. ಎಣ್ಣೆ ಉರಿಸಿ ಮನೆ ಬೆಚ್ಚಗಿಡುವ ಆಯಿಲ್ ಹೀಟಿಂಗ್, ಸೆಪ್ಟಿಕ್ ಟ್ಯಾಂಕ್. ಕೊಳ್ಳುವ ಮೊದಲು ಮನೆ ಪರೀಕ್ಷಿಸುವ ಸರ್ವೆಯವರಿಗೆ ಏನೇನು ಕೇಳಬೇಕು? ಊರಿನವರು ನಮ್ಮಂಥವರನ್ನು ಸೇರಿಸಿಕೊಳ್ಳುತ್ತಾರಾ?

ಹುಲ್ಲುಸೂರು:
ನಮ್ಮದು ಸಫೋಕ್‌ನಲ್ಲಿ, ಹುಲ್ಲು ಹೊದಿಸಿದ ಮನೆ. ಅದೂ ಗ್ರೇಡ್ ಟೂ. ಸೂರು ಪೂರ್ತಿ ಬದಲಿಸಲು 41,000 ಪೌಂಡ್ ಬಿತ್ತು. ಸಾರುವೆ ಕಟ್ಟಿದ್ದಕ್ಕೆ 6,200 ಬೇರೆ. ಅದರ ಮೇಲೆ 20 ಪರ್ಸೆಂಟ್ ವ್ಯಾಟ್. 2012ರ ಅಕ್ಟೋಬರ್‌ವರೆಗೆ, ಅನುಮತಿ ಪಡೆದು ಲಿಸ್ಟೆಡ್ ಮನೆಯಲ್ಲಿ ಮಾಡಿಸಿದ ಬದಲಾವಣೆಗೆ ವ್ಯಾಟ್ ಇರಲಿಲ್ಲ. ರಿಪೇರಿಗೆ ಮಾತ್ರ ಆಗಲೂ ಇತ್ತು. ಅಂದರೆ ಇರುವುದನ್ನು ಹಾಗೇ ಉಳಿಸಿಕೊಂಡವನಿಗೆ ತೆರಿಗೆ, ಬದಲಿಸಿದವನಿಗೆ ರಿಯಾಯಿತಿ! ಈಗ ಇಬ್ಬರಿಗೂ ಸಮಾನ ಬರೆ.

ಬಾಳಿಕೆ ಬರಲಿ ಅಂತ ನಾನು ಜೊಂಡು ಹಾಕಿಸಲು ಹೊರಟೆ. ಸಂರಕ್ಷಣಾ ಅಧಿಕಾರಿ ಬಿಡಲಿಲ್ಲ. ಈ ಸೀಮೆಯಲ್ಲಿ ಹಿಂದಿನಿಂದಲೂ ಗೋಧಿ ಹುಲ್ಲು, ಅದೇ ಇರಬೇಕಂತೆ. ಜೊಂಡಿಗಿಂತ ಅದು ಎಷ್ಟೋ ವರ್ಷ ಮೊದಲೇ ಹಾಳಾಗುತ್ತದೆ. ದುಡ್ಡು ನನ್ನದು, ಆಸೆ ಅವರದು. ಡಬಲ್ ಗ್ಲೇಜಿಂಗ್ (ಎರಡು ಪದರದ ಗಾಜಿನ ಕಿಟಕಿ) ಅರ್ಜಿಯೂ ತಿರಸ್ಕಾರ. ಕೊನೆಗೆ ಒಳಗಿನಿಂದ ಇನ್ನೊಂದು ಗಾಜು ಕೂರಿಸಿಕೊಂಡೆ, 7,800. ಲಿಸ್ಟೆಡ್ ಮನೆಯಲ್ಲಿ ಕೇಳದೆ ಕಿಟಕಿ ಬದಲಿಸುವುದು ಕ್ರಿಮಿನಲ್ ಅಪರಾಧ. ಹಿಂದಿನ ಮಾಲೀಕ ಮಾಡಿಟ್ಟು ಹೋಗಿದ್ದರೂ ಸರಿಪಡಿಸಿ ಅನ್ನುವ ನೋಟಿಸ್ ನಿಮ್ಮ ಬಾಗಿಲಿಗೇ ಬರಬಹುದು. ಇನ್ಶೂರೆನ್ಸ್‌ನವರಿಗೆ ಚಿಮಣಿ ಗುಡಿಸಿದ ಸರ್ಟಿಫಿಕೇಟ್ ಬೇರೆ ತೋರಿಸಬೇಕು. ಇಷ್ಟಾದರೂ ನಾನು ಮಾರುವವನಲ್ಲ.

ಪದ್ಮಕ್ಕ_ಲೆಸ್ಟರ್:
ನಾವು ಮಾರಿಕೊಂಡು ಬಂದವರು. ಶ್ರಾಪ್‌ಶೈರ್ ಹಳ್ಳಿ. ನಮ್ಮ ಸೆಪ್ಟಿಕ್ ಟ್ಯಾಂಕಿನ ನೀರು ನೇರ ಹಳ್ಳಕ್ಕೆ ಹೋಗುತ್ತಿತ್ತು. 2020ರ ಜನವರಿಯಿಂದ ಅದು ನಡೆಯುವುದಿಲ್ಲ ತಾನೆ? ಟ್ರೀಟ್‌ಮೆಂಟ್ ಪ್ಲಾಂಟ್ ಹಾಕಿಸಿದೆವು. ಯಂತ್ರಕ್ಕೆ 4,100. ಅಗೆತ, ಪೈಪು, ಕರೆಂಟು ಎಲ್ಲ ಸೇರಿ 13,900. ಅಗೆಯುವವನು ಪಕ್ಕದ ಮನೆಯ ನೀರಿನ ಪೈಪು ಒಡೆದ. ಅದಕ್ಕೆ 640. ಪಕ್ಕದ ಮನೆಯವರು ಮಾತು ಬಿಟ್ಟರು, ಅದಕ್ಕೆ ಬಿಲ್ ಇಲ್ಲ.

ಆಯಿಲ್ ವಿಷಯಕ್ಕೆ ಬನ್ನಿ. ಐನೂರು ಲೀಟರ್‌ಗಿಂತ ಕಡಿಮೆ ತಂದುಕೊಡುವುದಿಲ್ಲ. 2022ರ ಮಾರ್ಚ್‌ನಲ್ಲಿ ಲೀಟರ್‌ಗೆ ಒಂದು ಪೌಂಡ್ ದಾಟಿತು. ಟ್ಯಾಂಕ್ ತಳ ಕಂಡಿತ್ತು, ತುಂಬಿಸದೆ ವಿಧಿ ಇರಲಿಲ್ಲ. ಮಗ ಹೈಸ್ಕೂಲಿಗೆ ಬಂದ ಮೇಲೆ ಫುಟ್‌ಬಾಲ್, ಗೆಳೆಯರ ಮನೆ, ಟ್ಯೂಷನ್, ಎಲ್ಲಕ್ಕೂ ನಾನೇ ಡ್ರೈವರ್. ಸಂಜೆ ಆರರ ಮೇಲೆ ಬಸ್ಸೇ ಇಲ್ಲ. ಇನ್ನು ಸೇರಿಸಿಕೊಳ್ಳುವ ಮಾತು. ಖಂಡಿತ ಸೇರಿಸಿಕೊಳ್ಳುತ್ತಾರೆ. ಕೇಕ್ ಮಾಡಿಕೊಡಲು, ಜಾತ್ರೆ ಮುಗಿದ ಮೇಲೆ ಕುರ್ಚಿ ಎತ್ತಿಡಲು.

ನಾಟಿಂಗ್‌ಹ್ಯಾಮ್_ಮೇಷ್ಟ್ರು:
ಪದ್ಮಕ್ಕ, ಊರಿನ ಆಯಿಲ್ ಗುಂಪಿಗೆ ನೀವು ಸೇರಿರಲಿಲ್ವಾ? ನಮ್ಮಲ್ಲಿ ಎಲ್ಲರ ಆರ್ಡರ್ ಒಟ್ಟುಗೂಡಿಸಿ ಒಂದೇ ಲಾರಿ ತರಿಸುತ್ತೇವೆ, ಚೌಕಾಸಿ ಮಾಡುತ್ತೇವೆ. ಹಳ್ಳಿಗೆ ಹೋಗಿ ಗೇಟು ಹಾಕಿಕೊಂಡು ಕೂತರೆ ಎಲ್ಲದಕ್ಕೂ ಜಾಸ್ತಿಯೇ ಕೊಡಬೇಕು. ನಾನು ಪ್ಯಾರಿಷ್ ಕೌನ್ಸಿಲ್‌ಗೆ, ಅಂದರೆ ನಮ್ಮ ಗ್ರಾಮ ಪಂಚಾಯಿತಿಯಂಥದ್ದಕ್ಕೆ, ನಿಂತೆ. ಎದುರಾಳಿಯೇ ಇರಲಿಲ್ಲ, ಅದು ಬೇರೆ ಮಾತು. ಊರ ಹಾಲ್‌ನ ಬುಕಿಂಗ್ ಡೈರಿ ಈಗ ನನ್ನ ಕೈಲಿದೆ. ಅದು ಯಾರ ಕೈಲಿರುತ್ತೋ ಊರು ಅವರ ಕೈಲಿ.

ನಮಗೆ ಹತ್ತಿರದಲ್ಲೇ ಲ್ಯಾಕ್ಸ್‌ಟನ್ ಅನ್ನುವ ಹಳ್ಳಿ ಇದೆ. ಒಮ್ಮೆ ಹೋಗಿ ನೋಡಿ. ಮಧ್ಯಯುಗದ ತೆರೆದ ಹೊಲಗಳ ಬೇಸಾಯ ಅಲ್ಲಿ ಇನ್ನೂ ನಡೆದಿದೆ. ಉಳಿದ ಎಷ್ಟೋ ಕಡೆ 18, 19ನೇ ಶತಮಾನದ ಕಾಯ್ದೆಗಳು ಹೊಲಕ್ಕೆ ಬೇಲಿ ಹಾಕಿಸಿದವು. ಗೋಮಾಳ ಹೋಯಿತು, ಬಡವನ ಹಸುವೂ ಹೋಯಿತು. ಲ್ಯಾಕ್ಸ್‌ಟನ್‌ನಲ್ಲಿ ಮೂರು ದೊಡ್ಡ ಹೊಲ, ಅದರಲ್ಲಿ ಒಬ್ಬೊಬ್ಬ ರೈತನಿಗೆ ಅಲ್ಲೊಂದು ಇಲ್ಲೊಂದು ಪಟ್ಟಿ. 1635ರ ನಕ್ಷೆಯೂ ಉಳಿದಿದೆ. ಚಳಿಗಾಲದ ಶುರುವಿನಲ್ಲಿ ರೈತರದೇ ಜ್ಯೂರಿ ಗೋಧಿ ಹೊಲ ಸುತ್ತಿ ಬರುತ್ತದೆ. ಯಾರು ದಾರಿಯನ್ನೂ ಸೇರಿಸಿ ಉತ್ತಿದ್ದಾರೆ, ಯಾರ ಗೂಟ ಜರುಗಿದೆ ಅಂತ ನೋಡುತ್ತದೆ. ಆಮೇಲೆ ಕೋರ್ಟ್ ಲೀಟ್ ಅನ್ನುವ ಹಳೇ ಕಾಲದ ಊರ ನ್ಯಾಯಸಭೆ ಸೇರಿ ದಂಡ ಹಾಕುತ್ತದೆ. ಕೋರ್ಟ್ ಕೂಡುವುದು ಪಬ್‌ನಲ್ಲಿ!

ಹುಲ್ಲುಸೂರು:
ಮೇಷ್ಟ್ರೇ, ಕೇಳಿದ್ದು ಕಾಟ್ಸ್‌ವಲ್ಡ್ಸ್ ಮನೆ, ಹೇಳಿದ್ದು ಗೋಧಿ ಹೊಲ. ನಿಮ್ಮ ಪ್ಯಾರಿಷ್ ಕೌನ್ಸಿಲ್‌ಗಳ ಮಹಿಮೆ ನನಗೂ ಗೊತ್ತು. ಮನೆಗೆ ಕಟ್ಟುವ ಕೌನ್ಸಿಲ್ ಟ್ಯಾಕ್ಸ್ ಜೊತೆ ಅವರದೂ ಒಂದು ಪಾಲು. ಜಿಲ್ಲೆಯವರು ಇಷ್ಟಕ್ಕಿಂತ ಏರಿಸಿದರೆ ಜನರ ಮತ ಕೇಳಬೇಕು, ಪ್ಯಾರಿಷ್‌ಗೆ ಆ ಕಡಿವಾಣವೂ ಇಲ್ಲ. ನಮ್ಮಲ್ಲಿ ಒಂದು ಬೆಂಚಿಗೆ 1,150 ಪೌಂಡ್ ಹಾಕಿದರು. ಅದರ ಮೇಲೆ ಕೂರುವುದು ಪಾರಿವಾಳ. ಚರ್ಚ್ ಗೋಪುರದ ರಿಪೇರಿಗೂ ನಮ್ಮ ಮನೆಗೇ ಬಂದು ಕೈಯೊಡ್ಡಿದರು.

ನಾಟಿಂಗ್‌ಹ್ಯಾಮ್_ಮೇಷ್ಟ್ರು:
ಚರ್ಚ್ ಕೌನ್ಸಿಲ್ ಬೇರೆ, ಪ್ಯಾರಿಷ್ ಕೌನ್ಸಿಲ್ ಬೇರೆ ಸ್ವಾಮಿ. 1894ರ ಕಾಯ್ದೆಯೇ ಊರಾಡಳಿತವನ್ನು ಚರ್ಚ್ ಕೈಯಿಂದ ಬಿಡಿಸಿತು. ಇಷ್ಟು ವರ್ಷ ಇದ್ದೂ ಇದು ತಿಳಿಯದಿದ್ದರೆ ಹೇಗೆ? ಇನ್ನು ಬೆಂಚು, ಅದರ ಮೀಟಿಂಗ್‌ಗೆ ನೀವು ಹೋಗಿದ್ರಾ?

ಹುಲ್ಲುಸೂರು:
ಹೋಗಿದ್ದೆ. ಒಂದೂವರೆ ಗಂಟೆ ನಾಯಿ ಕಕ್ಕದ ಬಗ್ಗೆ ಚರ್ಚೆ. ಚರ್ಚ್ ಬೇರೆ ಅಂತೀರಲ್ಲ, ಆಸ್ಟನ್ ಕ್ಯಾಂಟ್ಲೋ ಕೇಸ್ ಕೇಳಿಲ್ವಾ? ವಾರಿಕ್‌ಶೈರ್‌ನಲ್ಲಿ ಒಂದು ದಂಪತಿಯ ಜಮೀನಿಗೆ ಚರ್ಚ್‌ನ ಚಾನ್ಸೆಲ್ (ಪೂಜಾವೇದಿಕೆ ಇರುವ ಭಾಗ) ರಿಪೇರಿ ಮಾಡಿಸುವ ಹಳೇ ಹೊಣೆ ಅಂಟಿಕೊಂಡಿತ್ತು. 2003ರಲ್ಲಿ ಆಗಿನ ಅತ್ಯುನ್ನತ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ವರೆಗೆ ಹೋದರು, ಸೋತರು. ಫಾರ್ಮ್ ಮಾರಬೇಕಾಯ್ತು. ಅಂಥ ಹೊಣೆಯನ್ನು 2013ರ ಅಕ್ಟೋಬರ್ 13ರೊಳಗೆ ನೋಂದಾಯಿಸಲು ಗಡುವು ಇತ್ತು. ರೆಡಿಂಗ್ ಅವರೇ, ನಿಮ್ಮ ಸಾಲಿಸಿಟರ್‌ಗೆ ನೋಡಲು ಹೇಳಿ.

ಡರ್ಬಿ_ಗೌಡ:
ದುಡ್ಡಿನ ಲೆಕ್ಕ ಬಿಟ್ಟು ಬೇರೆ ಮಾತೇ ಇಲ್ವಾ? ಒಂದು ಊರು ಅಂದರೆ ಏನು ಅಂತ ತಿಳಿಯಬೇಕಾದರೆ ನಮ್ಮ ಡರ್ಬಿಶೈರ್‌ನ ಈಮ್ ಹಳ್ಳಿ ನೋಡಿ. 1665ರಲ್ಲಿ ಲಂಡನ್ನಿನಿಂದ ದರ್ಜಿಗೆ ಬಂದ ಬಟ್ಟೆಯ ಜೊತೆ ಪ್ಲೇಗ್ ಬಂತು ಅಂತಾರೆ. ಪಾದ್ರಿ ವಿಲಿಯಂ ಮೊಂಪೆಸನ್ ಮಾತಿಗೆ ಊರಿಗೆ ಊರೇ ಗಡಿ ಹಾಕಿಕೊಂಡು ಒಳಗುಳಿಯಿತು. ಸೋಂಕು ಹರಡದಿರಲಿ ಅಂತ ಗಡಿಯ ಕಲ್ಲಿನ ಗುಳಿಗಳಲ್ಲಿ ವಿನೆಗರ್ ತುಂಬಿ, ಅದರಲ್ಲಿ ನಾಣ್ಯ ಇಟ್ಟು ಸಾಮಾನು ಪಡೆದರು. ಸುಮಾರು 260 ಜನ ಸತ್ತರು. ಅಂಥ ಒಗ್ಗಟ್ಟು ಲೆಸ್ಟರ್‌ನಲ್ಲಿ ಸಿಗುತ್ತಾ ಪದ್ಮಕ್ಕ?

ಪದ್ಮಕ್ಕ_ಲೆಸ್ಟರ್:
ಗೌಡ್ರೇ, ಅದೇ ಮೊಂಪೆಸನ್ ತನ್ನ ಮಕ್ಕಳನ್ನು ಮೊದಲೇ ಹೊರಗೆ ಕಳಿಸಿದ್ದ. ಅನುಕೂಲ ಇದ್ದ ಕೆಲವರೂ ಆಗಲೇ ಊರು ಬಿಟ್ಟಿದ್ದರು. ಉಳಿದವರಲ್ಲಿ ಎಷ್ಟೋ ಜನಕ್ಕೆ ಹೋಗಲು ಜಾಗವೇ ಇರಲಿಲ್ಲ. ಅದನ್ನು ಒಗ್ಗಟ್ಟು ಅನ್ನುವುದು ಸುಲಭ. ಎಂಟು ದಿನದಲ್ಲಿ ಗಂಡ, ಆರು ಮಕ್ಕಳನ್ನು ತಾನೇ ಹೂತ ಎಲಿಜಬೆತ್ ಹ್ಯಾನ್‌ಕಾಕ್‌ಗೆ ಯಾವ ಊರು ಹೆಗಲು ಕೊಟ್ಟಿತು?

ಡರ್ಬಿ_ಗೌಡ:
ಮೊಂಪೆಸನ್ ಹೆಂಡತಿ ಊರಲ್ಲೇ ಉಳಿದು ಪ್ಲೇಗ್‌ನಲ್ಲೇ ಸತ್ತಳಲ್ಲ, ಅದನ್ನು ಯಾಕೆ ಬಿಟ್ಟಿರಿ? ಅರ್ಧ ಓದಿಕೊಂಡು ಬರಬೇಡಿ.

ಪದ್ಮಕ್ಕ_ಲೆಸ್ಟರ್:
ನೀವು ಆ ಊರಲ್ಲಿದ್ದೀರಾ, ಇಲ್ಲ ರಜೆಗೆ ಬಾಡಿಗೆ ಕೊಡುವ ಮನೆ ಇಟ್ಟುಕೊಂಡಿದ್ದೀರಾ? ಹಿಂದೆ ಒಮ್ಮೆ ಇಲ್ಲೇ ಬರೆದಿದ್ದಿರಿ, ನೆನಪಿದೆ.

ಡರ್ಬಿ_ಗೌಡ:
ಎರಡನೇ ಮನೆ. ತಪ್ಪೇನು? 2025ರ ಏಪ್ರಿಲ್‌ನಿಂದ ಎರಡು ಪಟ್ಟು ಕೌನ್ಸಿಲ್ ಟ್ಯಾಕ್ಸ್ ಹಾಕಲು ಅವಕಾಶ ಬಂತು. ನಮ್ಮಲ್ಲಿ ಹಾಕಿದರು, ಕಟ್ಟುತ್ತಿದ್ದೇನೆ.

ನಾಟಿಂಗ್‌ಹ್ಯಾಮ್_ಮೇಷ್ಟ್ರು:
ನೋಡಿ, ಇಂಥವರಿಂದಲೇ ಹಳ್ಳಿ ಶಾಲೆಗೆ ಮಕ್ಕಳಿಲ್ಲ. ವಾರದ ಐದು ದಿನ ದೀಪ ಇಲ್ಲದ ಮನೆ. ಪಬ್ ಉಳಿಸಲು ಷೇರು ಕೊಳ್ಳಿ ಅಂದರೆ ಇಮೇಲ್‌ಗೂ ಉತ್ತರ ಇಲ್ಲ. ನಾನು 500 ಪೌಂಡ್ ಹಾಕಿದ್ದೇನೆ. ಬಡ್ಡಿ ಬಂದಿಲ್ಲ, ಪಬ್ ಇದೆ.

ರೆಡಿಂಗ್‌ವಾಸಿ:
ಎಲ್ಲರಿಗೂ ಥ್ಯಾಂಕ್ಸ್. ಆದರೆ ಸರ್ವೆಗೆ ಏನು ಕೇಳಬೇಕು ಅಂತ...

ಹುಲ್ಲುಸೂರು:
ಸುಣ್ಣದ ಗಾರೆಯ ಮೇಲೆ ಯಾರಾದರೂ ಸಿಮೆಂಟ್ ಮೆತ್ತಿದ್ದಾರಾ ನೋಡಿಸಿ. ಮೆತ್ತಿದ್ದರೆ ಗೋಡೆಯ ತೇವ ಹೊರಗೆ ಹೋಗದೆ ಒಳಗೇ ಕೊಳೆಯುತ್ತದೆ. ನನಗೆ ಅದನ್ನು ಕೆತ್ತಿಸಲು 9,300 ಆಯ್ತು. ಮೇಷ್ಟ್ರೇ, 500 ಹಾಕಿ ಪಬ್ ಉಳಿಸಿದೆ ಅಂತೀರಲ್ಲ, ನಮ್ಮೂರಲ್ಲಿ ನಾನು ಎರಡು ಸಾವಿರ ಹಾಕಿದ್ದೇನೆ.