ಅಡಿಕೆ ಗುಣ ಗೊತ್ತು, ಅಡಿಕೆ ಕೊಳ್ಳುವವರ ವಖಾರಿಗೆ ಹೋದರೆ ಬಾಯಿ ಬರುವುದಿಲ್ಲ. ಯಾಕೆ?

ತೋಟದ_ಕೂಸು (ಶಿರಸಿ)
ಎರಡು ವರ್ಷದ ಹಿಂದೆ ಅಪ್ಪ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ನಾನು ಬೆಂಗಳೂರಿನ ಕೆಲಸ ಬಿಟ್ಟು ಬಂದೆ. ಮೂರು ಎಕರೆ ತೋಟ, ಈಗ ನಾನೇ ನೋಡಿಕೊಳ್ಳುವುದು. ಮಳೆ ಹಿಡಿಯುವ ಮೊದಲು ಮೈಲುತುತ್ತ, ಸುಣ್ಣ ಕಲೆಸಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವುದು, ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡನಿಗೆ ನಾಲ್ಕು ಸಲ ಫೋನ್ ಮಾಡಿ ಗೋಗರೆಯುವುದು, ಅಂಗಳದಲ್ಲಿ ಚಾಲಿ (ಸಿಪ್ಪೆ ಸಮೇತ ಒಣಗಿಸುವ ಹಣ್ಣಡಿಕೆ) ಒಣಗಿಸಿ ಕೋಕಾ, ಬಿಳೆಗೋಟು ಅನ್ನುವ ಕಡಿಮೆ ದರ್ಜೆಯವನ್ನು ಬೇರೆ ಮಾಡುವುದು, ಎಲ್ಲಾ.

ಮೊನ್ನೆ ಒಂದು ವಖಾರಿಗೆ ಚಾಲಿ ತಗೊಂಡು ಹೋದೆ. ಮೊದಲ ಪ್ರಶ್ನೆಯೇ "ತಂಗಿ, ಅಪ್ಪ ಬರ್ಲಿಲ್ವಾ?" ಆಮೇಲೆ ಅವರು ಒಂದು ಅಡಿಕೆ ಎತ್ತಿ ಅಡಕತ್ತರಿಯಲ್ಲಿ ಕತ್ತರಿಸಿ "ಒಳಗೆ ಹಸಿ ಇದೆ" ಅಂದರು. 40 ದಿನ ಬಿಸಿಲು ಕಂಡ ಅಡಿಕೆ ಅದು, ನಾನೇ ಕಾಲಾಡಿಸಿ ತಿರುವಿದ್ದು! ಇನ್ನೊಂದು ನಾಲ್ಕು ಕತ್ತರಿಸಿ ತೋರಿಸಿ ಅನ್ನಬೇಕಿತ್ತು. ಅನ್ನಲಿಲ್ಲ. "ಹೌದಾ" ಅಂದೆ. ಕ್ವಿಂಟಲ್‌ಗೆ 700 ರೂಪಾಯಿ ಕಡಿಮೆಗೆ ಕೊಟ್ಟು ಬಂದೆ. ಸಾಲದ್ದಕ್ಕೆ ಹೊರಗೆ ನಾಲ್ಕು ಜನ ನಿಂತು ನೋಡುತ್ತಿದ್ದರು ಅಂತ ಪಿಕಪ್ ರಿವರ್ಸ್ ತೆಗೆಯುವಾಗ ಎರಡು ಸಲ ಆಫ್ ಮಾಡಿಕೊಂಡೆ. ಮನೆಯಲ್ಲಿ ಒಬ್ಬಳೇ ಇದ್ದಾಗ ಒಂದೇ ಸಲಕ್ಕೆ ತೆಗೆಯುತ್ತೇನೆ.

ನನ್ನ ಪ್ರಶ್ನೆ ಇಷ್ಟೇ. ಇದು ನನ್ನ ಹೆದರಿಕೆಯಾ, ಅಥವಾ "ಹುಡುಗಿಗೆ ಇದೆಲ್ಲಾ ಎಲ್ಲಿ ಗೊತ್ತಾಗುತ್ತೆ" ಅಂತ ಕೇಳಿ ಕೇಳಿ ಕೈಗೇ ಅಂಟಿಕೊಂಡಿದೆಯಾ?

ಯಲ್ಲಾಪುರ_ಮಾಣಿ
ಎಲ್ಲದಕ್ಕೂ ಗಂಡು ಹೆಣ್ಣು ಅಂತ ತರಬೇಡಿ. ಮೊದಲ ವರ್ಷ ನನಗೂ ಹೀಗೇ ಟೋಪಿ ಹಾಕಿದ್ದರು. ಅನುಭವ ಸಾಲದು, ಅಷ್ಟೇ. ಮತ್ತೆ ಬಿರುದು ಹೊತ್ತವರು ನೀವೊಬ್ಬರೇ ಅಲ್ಲ. ನಾನು ಡಿಗ್ರಿ ಮುಗಿಸಿ ತೋಟಕ್ಕೆ ಬಂದವನು, ಆದರೂ ನೆಂಟರ ಬಾಯಲ್ಲಿ "ಎಲ್ಲೂ ಕೆಲಸ ಸಿಗದೆ ಮನೆಯಲ್ಲಿ ಕೂತವನು". ಜಾತಕ ಹೋದಷ್ಟೇ ಬೇಗ ವಾಪಸ್ ಬರುತ್ತದೆ. ಗಂಡಸು ಅಂದರೆ ಊರು ಬಿಟ್ಟು ದುಡಿಯಬೇಕು, ಹೆಂಗಸು ಅಂದರೆ ಮನೆಯೊಳಗೆ ಇರಬೇಕು. ನಾವಿಬ್ಬರೂ ತಿರುವುಮುರುವು ಆಗಿದ್ದೇವೆ.

ಕಡಲ_ಬದಿ (ಕಾರವಾರ)
ಸೈಕಾಲಜಿ ಓದಿದವಳು, ಅದಕ್ಕೆ ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ. ನೀವು ಹೇಳಿದ್ದರ ಮೇಲೆ ಅಮೆರಿಕದಲ್ಲಿ 1999ರಲ್ಲಿ ಸ್ಪೆನ್ಸರ್, ಸ್ಟೀಲ್, ಕ್ವಿನ್ ಅನ್ನುವವರು ಒಂದು ಅಧ್ಯಯನ ಪ್ರಕಟಿಸಿದರು. ಲೆಕ್ಕದಲ್ಲಿ ಜೋರಿದ್ದ ಹುಡುಗ ಹುಡುಗಿಯರಿಗೇ ಕಷ್ಟದ ಲೆಕ್ಕದ ಪರೀಕ್ಷೆ ಕೊಟ್ಟರು. ಕೆಲವರಿಗೆ "ಈ ಪರೀಕ್ಷೆಯಲ್ಲಿ ಗಂಡು ಹೆಣ್ಣಿನ ವ್ಯತ್ಯಾಸ ಕಂಡಿದೆ" ಅಂದರು, ಅಲ್ಲಿ ಹುಡುಗಿಯರು ಹಿಂದೆ ಬಿದ್ದರು. ಉಳಿದವರಿಗೆ "ವ್ಯತ್ಯಾಸ ಇಲ್ಲ" ಅಂದರು, ಅಲ್ಲಿ ಸಮ. ತಪ್ಪಿದರೆ ನಾನೊಬ್ಬಳು ತಪ್ಪಿದೆ ಅಂತ ಆಗುವುದಿಲ್ಲ, "ಹೆಂಗಸರೇ ಹಾಗೆ" ಅಂತ ಆಗುತ್ತದೆ ಅನ್ನುವ ಭಯ. ಅರ್ಧ ಗಮನ ಅದಕ್ಕೇ ಹೋಗುತ್ತದೆ, ಕ್ಲಚ್ಚಿಗೆ ಉಳಿಯುವುದು ಇನ್ನರ್ಧ.

ಆದರೆ ಇದನ್ನೇ ವೇದವಾಕ್ಯ ಅಂತ ಹಿಡಿಯಬೇಡಿ. 2018ರಲ್ಲಿ ನೆದರ್ಲೆಂಡ್ಸ್‌ನಲ್ಲಿ 2,000ಕ್ಕೂ ಜಾಸ್ತಿ ಹೈಸ್ಕೂಲ್ ಮಕ್ಕಳ ಮೇಲೆ ಇಂಥದ್ದೇ ಪ್ರಯೋಗ ಮಾಡಿದಾಗ ಆ ಪರಿಣಾಮ ಕಾಣಲಿಲ್ಲ. ಹಾಗಾಗಿ ಯಲ್ಲಾಪುರದವರು ಹೇಳುವ "ಅನುಭವ ಸಾಲದು" ಅನ್ನುವುದನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ಒಂದು ಮಾತು, ಅವರಿಗೆ ಟೋಪಿ ಹಾಕುವ ಮೊದಲು ಯಾರಾದರೂ "ಅಪ್ಪ ಬರ್ಲಿಲ್ವಾ" ಅಂತ ಕೇಳಿದ್ದರಾ?

ಚೌಕಿ_ಮೂಲೆ (ಹೊನ್ನಾವರ)
ನಾನು ಹವ್ಯಾಸಿ, ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡುತ್ತೇನೆ. ಸೆರಗು ಹಿಡಿಯುವುದು, ಓರೆನೋಟ, ನಾಚುವುದು, ಎಲ್ಲವನ್ನೂ ಗುರುಗಳು ಬೈದು ಬೈದು ಕಲಿಸಿದ್ದು. ಹೆಣ್ತನ ಹುಟ್ಟಿನಿಂದಲೇ ಬರುವುದಾದರೆ ನನಗೆ ಕಲಿಸಿದ್ದು ಏನು? ರಂಗದ ಮೇಲೆ ದ್ರೌಪದಿ ಆದರೆ ಚಪ್ಪಾಳೆ, ಬೆಳಿಗ್ಗೆ ಮನೆಯಲ್ಲಿ ದೋಸೆ ಹೊಯ್ದರೆ ನಗು. ಅಡಿಕೆ ಸುಲಿಯುವುದನ್ನೇ ನೋಡಿ. ಮೆಟ್ಟುಗತ್ತಿ (ಕಾಲಲ್ಲಿ ಮೆಟ್ಟಿ ಹಿಡಿದು ಸುಲಿಯುವ ಕತ್ತಿ) ಇದ್ದಾಗ ನಮ್ಮ ಕಡೆ ರಾತ್ರಿಯಿಡೀ ಸುಲಿಯುತ್ತಿದ್ದವರು ಹೆಂಗಸರು. ಯಂತ್ರ ಬಂತು, ಅದರ ಮುಂದೆ ಗಂಡಸು ನಿಂತ. ಹೆಂಗಸರು ಪಕ್ಕದಲ್ಲಿ ಕೂತು ಸಿಪ್ಪೆ ಆರಿಸುತ್ತಿದ್ದಾರೆ.

ಬಂಗಡೆ_ಸಾರು (ಕಾರವಾರ)
ನಮ್ಮಮ್ಮ ಮೀನು ಮಾರುತ್ತಾರೆ. ಅಪ್ಪ ಬೋಟಿಗೆ ಹೋಗುತ್ತಾರೆ. ಬುಟ್ಟಿ ದಡಕ್ಕೆ ಬಂದ ಮೇಲೆ ಅಪ್ಪನ ಮಾತು ನಡೆಯುವುದಿಲ್ಲ. ಅಮ್ಮ ಓದಿದ್ದು ಮೂರನೇ ಕ್ಲಾಸು, ಆದರೆ ಬಾಯಲ್ಲೇ ಲೆಕ್ಕ, ಹತ್ತು ರೂಪಾಯಿ ತಪ್ಪುವುದಿಲ್ಲ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟಿಗೆ ನಿಷೇಧ ಇರುತ್ತದಲ್ವಾ, ಆಗ ನಮ್ಮ ಮನೆ ನಡೆಯುವುದು ಅಮ್ಮ ಬೇಸಿಗೆಯಲ್ಲಿ ಒಣಗಿಸಿಟ್ಟ ಮೀನಿನಿಂದ. ಮಾರ್ಕೆಟ್ಟಿನಲ್ಲಿ ಅವರ ಗಂಟಲು ಕೇಳಿ ಚೌಕಾಸಿ ಮಾಡುವವರು ಪಕ್ಕದವರ ಹತ್ತಿರ ಹೋಗುತ್ತಾರೆ.

ಅದೇ ಅಮ್ಮನನ್ನು ಒಂದು ಬ್ಯಾಂಕಿಗೆ ಕರೆದುಕೊಂಡು ಹೋಗಿದ್ದೆ. ಸೆರಗು ಹೊದ್ದು ಗೋಡೆಗೆ ಒತ್ತಿ ನಿಂತರು. ಗುಮಾಸ್ತರು ಫಾರ್ಮು ತುಂಬುತ್ತಾ, ಕೇಳದೇನೇ, ಉದ್ಯೋಗದ ಎದುರು "ಗೃಹಿಣಿ" ಅಂತ ಬರೆದರು. ಅಮ್ಮ ನನ್ನ ಮುಖ ನೋಡಿದರು. ನಾನೂ ಸುಮ್ನೆ ನಿಂತಿದ್ದೆ, ಅದೇ ನಾಚಿಕೆ. ಹೊರಗೆ ಬಂದು "ಏನು ಬರೆದ್ರು?" ಅಂತ ಕೇಳಿದರು. ಹೇಳಿದೆ. "ಹಂಗಾದ್ರೆ ಬುಟ್ಟಿ ಯಾರು ಹೊತ್ರಂತೆ?" ಅಂದರು.

ಅದಕ್ಕೆ ನಿಮಗೆ ಹೇಳುವುದು, ಧೈರ್ಯ ಇಲ್ಲ ಅಂತ ತಿಳಿದುಕೊಳ್ಳಬೇಡಿ. ಜಾಗ ಬದಲಾಯಿತು, ಅಷ್ಟೇ. ಮುಂದಿನ ಸಲ ಪಕ್ಕದ ಎರಡು ವಖಾರಿಯಲ್ಲಿ ಮೊದಲು ದರ ಕೇಳಿಕೊಂಡು ಹೋಗಿ. ಅಮ್ಮ ಮಾಡುವುದೂ ಅದನ್ನೇ.

ತೋಟದ_ಕೂಸು (ಶಿರಸಿ)
ಎಲ್ಲರಿಗೂ ಥ್ಯಾಂಕ್ಸ್. ಯಲ್ಲಾಪುರದವರೇ, ಅನುಭವದ ಮಾತು ಒಪ್ಪಿದೆ. ಇನ್ನೂ ಮೂರು ಚೀಲ ಚಾಲಿ ಇದೆ, ಈ ಸಲ ಅಡಕತ್ತರಿ ನಾನೇ ತಗೊಂಡು ಹೋಗುತ್ತೇನೆ.

ಬಂಗಡೆ ಸಾರು ಅವರೇ, ನಿಮ್ಮಮ್ಮನ ಫಾರ್ಮು ಓದಿ ನೆನಪಾಯಿತು. ಕಳೆದ ತಿಂಗಳು ಕೆವೈಸಿ ಫಾರ್ಮು ನಾನೇ ನನ್ನ ಕೈಯಾರೆ ತುಂಬಿದ್ದು. ಉದ್ಯೋಗದ ಎದುರು "ಸದ್ಯ ಇಲ್ಲ" ಅಂತ ಬರೆದು ಬಂದಿದ್ದೇನೆ.